ಅವೆನ್ಯೂ ರೋಡ್ ಹಳೇ ಮ್ಯಾಗಜೀನ್ ಅಂಗಡಿ: ಸ್ಟಾಕ್ ಸೂಪರ್, ಅಕ್ಟೋಬರ್ ಮಾತ್ರ ಮಾಯ

ಅವೆನ್ಯೂ ರೋಡ್ ಗಲ್ಲಿ ಒಂದ್ರಲ್ಲಿ ಹಳೇ ವಾರಪತ್ರಿಕೆಗಳನ್ನ ವರ್ಷದ ಲೆಕ್ಕದಲ್ಲಿ ಬೈಂಡ್ ಮಾಡಿ ಮಾರೋ ಅಂಗಡಿ ಇದೆ, ಬೋರ್ಡು ಗೀರ್ಡು ಏನಿಲ್ಲ, ಲಗ್ನಪತ್ರಿಕೆ ಅಂಗಡಿ ಪಕ್ಕದ ಮೆಟ್ಟಿಲು ಹತ್ತಬೇಕು. ಕಾರ್ ತಗೊಂಡು ಹೋಗೋ ಸಾಹಸ ಬೇಡ, ಚಿಕ್ಕಪೇಟೆ ಮೆಟ್ರೋಲಿ ಇಳಿದು ನಡ್ಕೊಂಡ್ ಹೋಗಿ. ನಮ್ ಅಪಾರ್ಟ್‌ಮೆಂಟ್ ಕ್ವಿಜ್‌ನಲ್ಲಿ ಈ ಸಲ ಒಂದೇ ದೇಶದ ಒಂದೇ ವರ್ಷದ ಮೇಲೆ ಒಂದು ರೌಂಡ್, ನಾನು ಚಿಲಿ 2010 ಆರಿಸ್ಕೊಂಡಿದ್ದೆ. ವರ್ಷ ಹೇಳಿದ ತಕ್ಷಣ ಯಜಮಾನ್ರು ಏಣಿ ಹಾಕಿ ಹತ್ತಿ, ಒಂದು ಇಂಗ್ಲಿಷ್ ವಾರಪತ್ರಿಕೆಯ ದಪ್ಪ ವಾಲ್ಯೂಮ್ ಇಳಿಸಿ ಧೂಳು ಕೊಡವಿ ಕೈಗಿಟ್ರು. ಕೆಮ್ಮು ಫ್ರೀ.

ಫೋನಲ್ಲಿ ಹುಡುಕಿದ್ರೆ ಕಥೆ ಹೆಂಗೆ ಮುಗೀತು ಅಂತ ಮೊದಲನೇ ಲೈನಲ್ಲೇ ಬಂದ್ಬಿಡುತ್ತೆ, ಇಲ್ಲಿ ಹಂಗಲ್ಲ, ವಾರ ವಾರ ಪುಟ ತಿರುಗಿಸ್ಬೇಕು, ಅದಕ್ಕೇ ದುಡ್ಡು ಕೊಡೋದು ನಾವು. ಫೆಬ್ರವರಿ 27ರ ಬೆಳಗಿನ ಜಾವ 8.8 ತೀವ್ರತೆಯ ಭೂಕಂಪ, ಹಿಂದೇನೇ ಸುನಾಮಿ, 500ಕ್ಕೂ ಹೆಚ್ಚು ಜನ ಸತ್ರು, ಸುನಾಮಿ ಎಚ್ಚರಿಕೆ ಕೊಡಬೇಕಾದವ್ರೇ ಎಡವಟ್ ಮಾಡಿದ್ರು ಅಂತ ದೊಡ್ಡ ಗಲಾಟೆ. ಮಾರ್ಚ್ 11ಕ್ಕೆ ಬ್ಯಾಚೆಲೆಟ್ ಇಳಿದು ಪಿನ್ಯೆರಾ ಅಧ್ಯಕ್ಷರಾಗೋ ದಿನಾನೂ ಭೂಮಿ ಬಿಡ್ಲಿಲ್ಲ, ಸಮಾರಂಭದ ಹೊತ್ತಲ್ಲೇ ಜೋರಾಗಿ ನಡುಗಿ, ಬಂದಿದ್ದ ಗಣ್ಯರೆಲ್ಲ ತಲೆ ಎತ್ತಿ ಚಾವಣಿ ನೋಡೋ ಹಂಗಾಯ್ತು. ಜೂನಲ್ಲಿ ವರ್ಲ್ಡ್ ಕಪ್, ಹೊಂಡುರಾಸ್ ಮೇಲೆ 1-0, 1962 ಆದ್ಮೇಲೆ ವರ್ಲ್ಡ್ ಕಪ್ಪಲ್ಲಿ ಅವರ ಮೊದಲ ಗೆಲುವು. ಆಮೇಲೆ ಬ್ರೆಜಿಲ್ ಕೈಲಿ 3-0 ಸೋತು ಮನೆಗೆ.

ಅಸಲಿ ಕಥೆ ಆಗಸ್ಟ್ ಸಂಚಿಕೆಗಳಲ್ಲಿ. 5ನೇ ತಾರೀಖು ಅಟಕಾಮಾ ಮರುಭೂಮಿಯ ಕೊಪಿಯಾಪೊ ಹತ್ರ ಸ್ಯಾನ್ ಹೋಸೆ ಗಣಿ ಕುಸಿದು 33 ಜನ ಒಳಗೆ ಸಿಕ್ಕಾಕ್ಕೊಂಡ್ರು. ಮೊದಲು ಮೂಲೇಲಿ ಬೆರಳಗಲದ ಸುದ್ದಿ ಅಷ್ಟೇ, ಬದುಕಿದಾರೋ ಇಲ್ವೋ ಯಾರಿಗೂ ಗೊತ್ತಿಲ್ಲ. ಮುಂದೆ ಹೋದ್ರೆ ಆ ಚೀಟಿಯ ಫೋಟೋ! 17ನೇ ದಿನ ಡ್ರಿಲ್ ತುದಿಗೆ ಕಟ್ಟಿ ಮೇಲೆ ಕಳಿಸಿದ್ದು, ಕೆಂಪಕ್ಷರದಲ್ಲಿ, ಆಸರೆ ಜಾಗದಲ್ಲಿ 33 ಜನಾನೂ ಚೆನ್ನಾಗಿದೀವಿ ಅಂತ. ಅಲ್ಲೀವರೆಗೂ ಎರಡು ದಿನಕ್ಕೊಂದ್ ಸಲ ಎರಡು ಚಮಚ ಟ್ಯೂನಾ ಮೀನು, ಅರ್ಧ ಲೋಟ ಹಾಲು, ಅಷ್ಟರಲ್ಲೇ ಬದುಕಿದ್ರಂತೆ. ಅಂಗಡಿ ಮೆಟ್ಟಿಲ ಮೇಲೇ ಕೂತು ಓದ್ತಾ ಇದ್ದೆ, ಯಜಮಾನ್ರು ಪಾಪ ಎಬ್ಬಿಸ್ಲಿಲ್ಲ.

ಇನ್ನು ಬೇಜಾರಿನ ವಿಷ್ಯ. ಅಕ್ಟೋಬರ್ ತೆಗೆದ್ರೆ ಎರಡು ಸಂಚಿಕೆ ಪುಟಗಳೇ ಇಲ್ಲ, ಯಾರೋ ಪುಣ್ಯಾತ್ಮ ಬೈಂಡಿಂಗ್ ಹತ್ರ ಬ್ಲೇಡ್ ಹಾಕಿ ನೀಟಾಗಿ ಎತ್ತಿದಾನೆ. ಕೇಳಿದ್ರೆ "ಲೈಬ್ರರಿಯಿಂದ ಬಂದ ಮಾಲು ಸಾರ್, ಹುಡುಗ್ರು ಪ್ರಾಜೆಕ್ಟ್‌ಗೆ ಕಟ್ ಮಾಡಿರ್ತಾರೆ" ಅಂದ್ರು. ಅಲ್ಲಾ ಸ್ವಾಮಿ, ಕಟ್ ಮಾಡೋಕೆ ಆ ಪುಟಗಳೇ ಬೇಕಿತ್ತಾ! ಫೆನಿಕ್ಸ್ ಅನ್ನೋ ಅರ್ಧ ಮೀಟರ್ ಅಗಲದ ಕ್ಯಾಪ್ಸೂಲಲ್ಲಿ ಅಕ್ಟೋಬರ್ 13ರಂದು ಒಬ್ಬೊಬ್ಬರನ್ನೇ ಮೇಲೆಳೆದಿದ್ದು, ಮಾರಿಯೋ ಸೆಪುಲ್ವೆಡಾ ಗಣಿ ಕಲ್ಲುಗಳನ್ನ ಗಿಫ್ಟ್ ಅಂತ ಹಂಚಿದ್ದು, ಶಿಫ್ಟ್ ಮೇಲ್ವಿಚಾರಕ ಲೂಯಿಸ್ ಉರ್ಸುವಾ ಎಲ್ಲರನ್ನೂ ಕಳಿಸಿ ಕೊನೇಗೆ ಬಂದಿದ್ದು, 69 ದಿನದ ಮೇಲೆ 33ಕ್ಕೆ 33 ಜನ ಬದುಕಿ ಬಂದಿದ್ದು, ಇಷ್ಟೂ ಮತ್ತೆ ಫೋನಲ್ಲೇ ಓದ್ಬೇಕಾಯ್ತು. ಡಿಸೆಂಬರ್ ಮಾತ್ರ ಪೂರ್ತಿ ಇತ್ತು, ಆದ್ರೆ ಅಲ್ಲಿರೋದು ಸ್ಯಾಂಟಿಯಾಗೋದ ಸ್ಯಾನ್ ಮಿಗೆಲ್ ಜೈಲಿಗೆ ಬೆಂಕಿ ಬಿದ್ದು 81 ಕೈದಿಗಳು ಸತ್ತ ಸುದ್ದಿ.

ರೇಟ್ ವಿಷ್ಯಕ್ಕೆ ಬಂದ್ರೆ, ಹರಿದಿರೋದು ತೋರಿಸಿದ ಮೇಲೆ ಯಜಮಾನ್ರೇ ಚೌಕಾಸಿ ಇಲ್ದೆ ಇಳಿಸಿದ್ರು, ಯುಪಿಐ ನಡೆಯುತ್ತೆ. ಸ್ಟಾಕ್‌ಗೆ ಐದಕ್ಕೆ ಐದು, ಕಂಡೀಷನ್‌ಗೆ ಮೂರು. ನಿಮಗೆ ಬೇಕಾಗಿರೋ ತಿಂಗಳು ಯಾವ್ದೋ ಅದನ್ನ ಅಲ್ಲೇ ನಿಂತು ಪುಟ ಪುಟ ಚೆಕ್ ಮಾಡಿ ಆಮೇಲೆ ದುಡ್ಡು ಕೊಡಿ. ಭಾನುವಾರ ರಜೆ.