43 ಪೋಷಕಾಂಶದ ಮಲ್ಟಿವಿಟಮಿನ್ ಡಬ್ಬಿ: 5ಕ್ಕೆ 2 ಸ್ಟಾರ್, ಯಾಕೆ ಅಂತ ಉದ್ದಕ್ಕೆ ಬರೆದಿದೀನಿ

ಇದು 60 ಮಾತ್ರೆ ಇರೋ ಒಂದು ಮಲ್ಟಿವಿಟಮಿನ್ ಡಬ್ಬಿ ರಿವ್ಯೂ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಹೆಸರು ಅಳಿಸಿ ಪಕ್ಕದ ಡಬ್ಬಿ ಹೆಸರು ಬರೆದ್ರೂ ರಿವ್ಯೂಲಿ ಒಂದು ಅಕ್ಷರ ಬದಲಾಯಿಸೋ ಹಂಗಿರಲ್ಲ. ಮುಂದುಗಡೆ ಇಮ್ಯುನಿಟಿ, ಎನರ್ಜಿ, ಹೃದಯ, ಮೂಳೆ, ಕೂದಲು, ಚರ್ಮ ಅಂತ ದಪ್ಪ ಅಕ್ಷರದಲ್ಲಿದೆ, ಅದರ ಕೆಳಗೆ 43 ಪೋಷಕಾಂಶ ಅಂತ ಬಂಗಾರದ ಬಣ್ಣದ ಮುದ್ರೆ. ನಾನು ಡಬ್ಬಿ ಖಾಲಿ ಆಗೋವರೆಗೂ ತಗೊಂಡೆ, ಊಟ ಆದ್ಮೇಲೇ ತಗೊಂಡೆ, ಹೊಟ್ಟೆ ಕೆಡಲಿಲ್ಲ ವಾಂತಿ ಬಂದಂಗಾಗಲಿಲ್ಲ, ಮೈಯಲ್ಲಿ ವ್ಯತ್ಯಾಸ ಏನಾದ್ರೂ ಗೊತ್ತಾಯ್ತಾ ಅಂದ್ರೆ ಮೂತ್ರ ಕಡು ಹಳದಿ ಆಯ್ತು ಅಷ್ಟೇ. ಅದು ನೋಡಿ ಹೆದರಿ ಒಂದು ಸ್ಟಾರ್ ಕೊಟ್ಟಿರೋರು ಬಹಳ ಜನ ಇದಾರೆ, ಅವ್ರಿಗೆ ಹೇಳೋದೇನಂದ್ರೆ ಅದು ಬಿ2 ಅಂದ್ರೆ ರೈಬೋಫ್ಲೇವಿನ್ ಬಣ್ಣ, ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಆಗಿದ್ದು ಹೊರಗೆ ಹೋಗ್ತಿದೆ, ಕಿಡ್ನಿಗೇನೂ ಆಗಿಲ್ಲ. ಇನ್ನು "ಮೊದಲನೇ ದಿನವೇ ಎನರ್ಜಿ ಬಂತು" ಅಂತ ಐದು ಸ್ಟಾರ್ ಕೊಟ್ಟೋರ ಬಗ್ಗೆ ನಾನೇನೂ ಹೇಳಲ್ಲ.

ಡಬ್ಬಿ ಹಿಂದೆ ತಿರುಗಿಸಿದ್ರೆ ಮೊದಲನೇ ಸಾಲು: ಒಂದು ಸರ್ವಿಂಗ್ ಅಂದ್ರೆ 2 ಮಾತ್ರೆ. ಎರಡು ತಿಂಗಳು ಬರತ್ತೆ ಅಂತ ಕಾಣೋ ಡಬ್ಬಿ ಒಂದೇ ತಿಂಗಳಿಗೆ ಮುಗಿಯತ್ತೆ, ಅದೂ ಅಲ್ಲದೆ ಕೆಳಗಿರೋ ಅಷ್ಟೂ ಅಂಕಿ 2 ಮಾತ್ರೆ ಲೆಕ್ಕದ್ದು, ಉಳಿಸೋಣ ಅಂತ ಒಂದೇ ನುಂಗಿದ್ರೆ ಎಲ್ಲಾ ಅರ್ಧ. ಯಾವ ಸಪ್ಲಿಮೆಂಟ್ ತಗೊಂಡ್ರೂ ಕಣ್ಣು ಮೊದಲು ಹೋಗಬೇಕಾಗಿರೋದು ಈ ಸಾಲಿಗೆ.

ಮೂಳೆ ಅಂತ ಚಿತ್ರ ಹಾಕಿರೋದಕ್ಕೆ ಒಳಗೆ ಇರೋ ಕ್ಯಾಲ್ಸಿಯಂ 120 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಹೆಚ್ಚುಕಮ್ಮಿ 1000 ಬೇಕು, ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಒಂದು ದೊಡ್ಡ ಲೋಟ ಹಾಲಲ್ಲಿ ಇದರ ಎರಡರಷ್ಟಕ್ಕಿಂತ ಜಾಸ್ತಿ ಸಿಗತ್ತೆ. ಇದಕ್ಕೆ ಕಂಪನಿಯವರನ್ನ ಪೂರ್ತಿ ಬೈಯೋಕೂ ಆಗಲ್ಲ, ಅವರು ಹಾಕಿರೋದು ಕ್ಯಾಲ್ಸಿಯಂ ಕಾರ್ಬೊನೇಟ್, ಅದರಲ್ಲಿ ಕ್ಯಾಲ್ಸಿಯಂ ಪಾಲು ಶೇಕಡಾ 40 ಅಷ್ಟೇ, ಅಂದ್ರೆ 1000 ಮಿಲಿಗ್ರಾಂ ಬೇಕು ಅಂದ್ರೆ ಎರಡೂವರೆ ಗ್ರಾಂ ಪುಡಿ ತುರುಕಬೇಕು, ಅಷ್ಟು ದೊಡ್ಡ ಮಾತ್ರೆ ಯಾರ ಗಂಟಲಲ್ಲಿ ಇಳಿಯತ್ತೆ ಹೇಳಿ. ಅದೂ ಅಲ್ಲದೆ ದೇಹ ಒಂದು ಸಲಕ್ಕೆ ಸರಿಯಾಗಿ ಹೀರ್ಕೊಳೋದು 500 ಮಿಲಿಗ್ರಾಂ ಒಳಗಿದ್ರೇನೇ. ಹಂಗಾಗಿ ಎಲ್ಲಾ ಒಂದೇ ಮಾತ್ರೇಲಿ ಅನ್ನೋ ಐಡಿಯಾನೇ ಕ್ಯಾಲ್ಸಿಯಂ ವಿಷಯದಲ್ಲಿ ಕೆಲಸ ಮಾಡಲ್ಲ, ಜಾಗ ಇಲ್ಲ ಅಷ್ಟೇ. ಮೇಲಿಂದ ಅದೇ ಮಾತ್ರೇಲಿ ಕಬ್ಬಿಣನೂ ಹಾಕಿದಾರೆ, ಕ್ಯಾಲ್ಸಿಯಂ ಪಕ್ಕದಲ್ಲಿದ್ರೆ ಕಬ್ಬಿಣ ಒಳಗೆ ಹೋಗೋದಕ್ಕೆ ಅಡ್ಡಿ ಆಗತ್ತೆ. ಮೆಗ್ನೀಷಿಯಂ ಇರೋದು ಆಕ್ಸೈಡ್ ರೂಪದಲ್ಲಿ, ಇರೋದರಲ್ಲಿ ಕಮ್ಮಿ ಹೀರ್ಕೊಳೋ ರೂಪ ಅದು, ಅಗ್ಗ ಅಂತ ಹಾಕ್ತಾರೆ.

ಈಗ ಆ 43ಕ್ಕೆ ಬರೋಣ. ವಿಟಮಿನ್ ಅನ್ನೋದೇ ಒಟ್ಟು 13, ಖನಿಜ ಸೇರಿಸಿ ಎಣಿಸಿದ್ರೂ ಈ ಲೇಬಲ್‌ಲಿ 20 ದಾಟಲ್ಲ. ಉಳಿದ 23 ಎಲ್ಲಿವೆ ಅಂದ್ರೆ ಕೆಳಗೆ "ಪ್ರೊಪ್ರೈಟರಿ ಬ್ಲೆಂಡ್" (ಕಂಪನಿಯ ಸ್ವಂತ ಮಿಶ್ರಣ) ಅಂತ ಒಂದು ಸಾಲು, ಗ್ರೀನ್ ಟೀ ಸಾರ, ದ್ರಾಕ್ಷಿ ಬೀಜದ ಸಾರ, ಯಾವ್ಯಾವುದೋ ಬೇರು, ಹಣ್ಣಿನ ಪುಡಿ, ಎಲ್ಲಾ ಸೇರಿ 100 ಮಿಲಿಗ್ರಾಂ. ಯಾವುದು ಎಷ್ಟು ಅಂತ ಹೇಳಲ್ಲ, ಅದಕ್ಕೇ ತಾನೇ ಬ್ಲೆಂಡ್ ಅಂತ ಹೆಸರಿಡೋದು. ಸಮಸಮ ಹಂಚಿದ್ರೂ ಒಂದೊಂದಕ್ಕೆ 4 ಮಿಲಿಗ್ರಾಂ ಚಿಲ್ಲರೆ ಬರತ್ತೆ. ಗ್ರೀನ್ ಟೀ ಸಾರ ಜಾಸ್ತಿ ಪ್ರಮಾಣದಲ್ಲಿ ತಗೊಂಡು ಲಿವರ್ ಕೆಡಿಸ್ಕೊಂಡ ಕೇಸುಗಳು ವೈದ್ಯಕೀಯದಲ್ಲಿ ದಾಖಲಾಗಿವೆ, ಇಲ್ಲಿ ಆ ಭಯ ಕಮ್ಮಿ, ಯಾಕಂದ್ರೆ ಒಳ್ಳೇದು ಮಾಡೋಕೂ ಕೆಟ್ಟದ್ದು ಮಾಡೋಕೂ ಸಾಲದಷ್ಟು ಹಾಕಿದಾರೆ.

ನನಗೆ ನಿಜವಾಗ್ಲೂ ತೊಂದರೆ ಅನ್ಸಿದ್ದು ಬಯೋಟಿನ್. ಕೂದಲಿಗೆ ಅಂತ 5000 ಮೈಕ್ರೋಗ್ರಾಂ ಹಾಕಿದಾರೆ, ದೊಡ್ಡವರಿಗೆ ದಿನಕ್ಕೆ ಸಾಕು ಅಂತ ಲೆಕ್ಕ ಹಾಕಿರೋದು 30. ನೀರಲ್ಲಿ ಕರಗೋ ವಿಟಮಿನ್, ಜಾಸ್ತಿ ಆದ್ರೆ ಹೋಗತ್ತೆ ಬಿಡಿ ಅಂತ ಅಂಗಡಿಯವರು ಹೇಳ್ತಾರೆ, ಆದ್ರೆ ಹೋಗೋ ಮುಂಚೆ ರಕ್ತದಲ್ಲಿ ಇರತ್ತಲ್ಲ, ಆಗ ನೀವು ಲ್ಯಾಬಿಗೆ ಹೋಗಿ ಥೈರಾಯ್ಡ್ ಟೆಸ್ಟ್ ಮಾಡಿಸಿದ್ರೆ ರಿಪೋರ್ಟ್ ತಪ್ಪಾಗಿ ಬರಬಹುದು, ಯಾಕಂದ್ರೆ ಅನೇಕ ಟೆಸ್ಟ್ ಕಿಟ್‌ಗಳು ಬಯೋಟಿನನ್ನೇ ಬಳಸ್ಕೊಂಡು ಕೆಲಸ ಮಾಡ್ತವೆ. ಥೈರಾಯ್ಡ್ ಆದ್ರೆ ಇನ್ನೊಂದ್ಸಲ ಮಾಡಿಸಬಹುದು, ಹಾರ್ಟ್ ಅಟ್ಯಾಕ್ ಆಗಿದ್ಯಾ ಅಂತ ನೋಡೋ ಟ್ರೋಪೋನಿನ್ ಟೆಸ್ಟೂ ಇದರಿಂದ ಇರೋದಕ್ಕಿಂತ ಕಮ್ಮಿ ತೋರಿಸಬಹುದು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಈ ಡಬ್ಬಿ ಮೇಲೆ ಅದರ ಬಗ್ಗೆ ಒಂದು ಪದ ಇಲ್ಲ. ಕೂದಲು ಉದುರೋದಕ್ಕೆ ಬಯೋಟಿನ್ ಕೊರತೆ ಕಾರಣ ಆಗೋದು ಬಹಳ ಅಪರೂಪ, ಕಬ್ಬಿಣ ಕಮ್ಮಿ ಇದ್ಯಾ ಥೈರಾಯ್ಡ್ ಇದ್ಯಾ ಅಂತ ಮೊದಲು ನೋಡಿಸೋದು ಬಿಟ್ಟು ಜನ ಇದನ್ನ ನುಂಗ್ತಾರೆ, ಆಮೇಲೆ ಅದೇ ಥೈರಾಯ್ಡ್ ಟೆಸ್ಟ್ ಇದರಿಂದಲೇ ಕೆಡತ್ತೆ.

ಹಂಗಂತ ಸಪ್ಲಿಮೆಂಟೇ ಬೇಡ ಅಂತಲ್ಲ. ನಿಮಗೆ ಏನು ಕಮ್ಮಿ ಇದೆ ಅಂತ ಗೊತ್ತಿದ್ರೆ ಅದೊಂದನ್ನೇ ಸರಿಯಾದ ಡೋಸಲ್ಲಿ ತಗೊಳಿ, ಬಿಡಿ ಮಾತ್ರೇನೇ ಒಳ್ಳೇದು. ಬಿ12 ಸಹಜವಾಗಿ ಸಿಗೋದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ, ಹಾಲು ಮೊಟ್ಟೆನೂ ಬಿಟ್ಟವರು ಮಾತ್ರೆ ಇಲ್ಲಾ ಬಿ12 ಸೇರಿಸಿದ ಆಹಾರ ತಗೊಳ್ಳೇಬೇಕು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳೋರು, ಗ್ಯಾಸ್ಟ್ರಿಕ್‌ಗೆ ಅಂತ ವರ್ಷಗಟ್ಲೆ ಆಸಿಡ್ ಕಮ್ಮಿ ಮಾಡೋ ಮಾತ್ರೆ ತಗೊಳೋರು, ವಯಸ್ಸಾದವರು ಕೂಡ ಟೆಸ್ಟ್ ಮಾಡಿಸ್ಕೊಳೋದು ಒಳ್ಳೇದು. ಬೇಕಾಗಿರೋದು ದಿನಕ್ಕೆ 2.4 ಮೈಕ್ರೋಗ್ರಾಂ, ಮಾತ್ರೇಲಿ 500 ಯಾಕಿದೆ ಅಂತ ಗಾಬರಿ ಆಗಬೇಡಿ, ಹೊಟ್ಟೆ ಒಂದು ಸಲಕ್ಕೆ ತನ್ನ ಮಾಮೂಲಿ ದಾರೀಲಿ ಹೀರೋದು ಒಂದೆರಡು ಮೈಕ್ರೋಗ್ರಾಂ, ಅದರ ಮೇಲಿನದ್ದು ನೂರಕ್ಕೆ ಒಂದರಷ್ಟು ಮಾತ್ರ ಒಳಗೆ ಹೋಗತ್ತೆ. ವಿಟಮಿನ್ ಡಿ ಆದ್ರೆ ಡಿ2 ಅಲ್ಲ ಡಿ3 ನೋಡಿ, ರಕ್ತದಲ್ಲಿ ಮಟ್ಟ ಏರಿಸೋದ್ರಲ್ಲಿ ಅದೇ ಮೇಲು, ಲೇಬಲ್‌ಲಿ ಬರೋ ಐಯು (ಇಂಟರ್‌ನ್ಯಾಷನಲ್ ಯೂನಿಟ್) ಲೆಕ್ಕದಲ್ಲಿ 40 ಐಯು ಅಂದ್ರೆ 1 ಮೈಕ್ರೋಗ್ರಾಂ, ಕೊಬ್ಬಿರೋ ಊಟದ ಜೊತೆ ತಗೊಳಿ, ಡಾಕ್ಟರ್ ಹೇಳದೆ ದಿನಾ 4000 ಐಯು ದಾಟಬೇಡಿ. ಗರ್ಭಿಣಿ ಆಗೋ ಪ್ಲಾನ್ ಇದ್ರೆ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ, ಅದೂ ಕನಿಷ್ಠ ಒಂದು ತಿಂಗಳು ಮುಂಚಿಂದ, ಇದರ ಬಗ್ಗೆ ವಾದವೇ ಇಲ್ಲ.

ಕಬ್ಬಿಣ ಮಾತ್ರ ಫೆರಿಟಿನ್ ಟೆಸ್ಟ್ (ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ರಕ್ತಪರೀಕ್ಷೆ) ಇಲ್ದೆ ಶುರು ಮಾಡಬೇಡಿ, ಸುಸ್ತು ಅಂದ ತಕ್ಷಣ ಕಬ್ಬಿಣ ನುಂಗೋದು ಒಂದು ಅಭ್ಯಾಸ ಆಗ್ಬಿಟ್ಟಿದೆ. ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ ಮುಟ್ಟಾಗೋ ವಯಸ್ಸಿನ ಹೆಂಗಸರಿಗೆ 18 ಮಿಲಿಗ್ರಾಂ ಬೇಕು, ಗಂಡಸರಿಗೆ 8 ಸಾಕು, ಈ ಡಬ್ಬೀಲಿ ಎಲ್ಲಾರಿಗೂ 18 ಇದೆ. ಗಂಡಸರಿಗೆ ಅದು ಸುಮ್ನೆ ಜಾಸ್ತಿ, ಕಬ್ಬಿಣ ಜಾಸ್ತಿ ಆದ್ರೆ ದೇಹಕ್ಕೆ ಹೊರಗೆ ಹಾಕೋ ದಾರಿನೇ ಇಲ್ಲ. ಕೊರತೆ ಇದ್ದು ತಗೊಳೋರು ಟೀ ಕಾಫಿಯಿಂದ ದೂರ ಇಟ್ಟು, ವಿಟಮಿನ್ ಸಿ ಇರೋ ಹಣ್ಣಿನ ಜೊತೆ ತಗೊಳಿ. ಥೈರಾಯ್ಡ್ ಮಾತ್ರೆ ತಗೊಳೋರು ಕಬ್ಬಿಣ, ಕ್ಯಾಲ್ಸಿಯಂ, ಈ ಥರ ಮಲ್ಟಿವಿಟಮಿನ್ ಯಾವುದೇ ಆಗ್ಲಿ ನಾಲ್ಕು ಗಂಟೆ ಬಿಟ್ಟು ತಗೊಬೇಕು, ಇದನ್ನೂ ಡಬ್ಬಿ ಹೇಳಲ್ಲ.

"ಇರ್ಲಿ ಬಿಡಿ, ಇನ್ಶೂರೆನ್ಸ್ ಥರ ದಿನಾ ಒಂದು" ಅನ್ನೋರಿಗೆ: 2022ರಲ್ಲಿ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಅನ್ನೋ ತಜ್ಞರ ತಂಡ ಇದ್ದ ಅಧ್ಯಯನ ಎಲ್ಲಾ ನೋಡಿ ಹೃದ್ರೋಗ, ಕ್ಯಾನ್ಸರ್ ತಡೆಯೋಕೆ ಮಲ್ಟಿವಿಟಮಿನ್ ತಗೊಳಿ ಅನ್ನೋಕೂ ಬೇಡ ಅನ್ನೋಕೂ ಸಾಕಷ್ಟು ಪುರಾವೆ ಇಲ್ಲ ಅಂತು, ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ಗೆ ಬಣ್ಣ ಕೊಡೋದು, ದೇಹದಲ್ಲಿ ವಿಟಮಿನ್ ಎ ಆಗತ್ತೆ) ಮತ್ತೆ ವಿಟಮಿನ್ ಇ ಮಾತ್ರ ಬೇಡ ಅಂತ್ಲೇ ಹೇಳ್ತು. ಬೀಟಾ ಕ್ಯಾರೋಟಿನ್ ಕಥೆ ಹಳೇದು, 1994ರಲ್ಲಿ ಫಿನ್ಲೆಂಡಲ್ಲಿ ಸಿಗರೇಟ್ ಸೇದೋ ಗಂಡಸರಿಗೆ ಮಾತ್ರೆ ಕೊಟ್ಟು ನೋಡಿದ್ರೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋ ಬದಲು ಜಾಸ್ತಿ ಆಗಿತ್ತು. ಕ್ಯಾರೆಟ್ ತಿಂದ್ರೆ ಹಂಗಾಗಲ್ಲ, ಮಾತ್ರೆಲಿ ಆಯ್ತು. ಸಿಗರೇಟ್ ಸೇದೋರು ಡಬ್ಬಿ ಹಿಂದೆ ಈ ಹೆಸರಿದ್ಯಾ ನೋಡಿ.

ಡಬ್ಬಿ ಜೊತೆ ಫ್ರೀ ಅಂತ ಅದೇ ಕಂಪನಿ ಪ್ರೋಟೀನ್ ಬಾರ್ ಒಂದು ಬಂತು, ಅದರ ರಿವ್ಯೂನೂ ಇಲ್ಲೇ ಮುಗಿಸ್ತೀನಿ. ಪದಾರ್ಥಗಳ ಪಟ್ಟೀಲಿ ಯಾವುದರ ತೂಕ ಜಾಸ್ತಿನೋ ಅದು ಮೊದಲು ಬರತ್ತೆ, ಇಲ್ಲಿ ಮೊದಲನೇದು ಗ್ಲೂಕೋಸ್ ಸಿರಪ್. ಮುಂದೆ ಹೋದ್ರೆ ಡೆಕ್ಸ್ಟ್ರೋಸ್, ಹಣ್ಣಿನ ರಸದ ಕಾನ್ಸಂಟ್ರೇಟ್, ಎಲ್ಲಾ ಸಕ್ಕರೆಯ ಬೇರೆ ಬೇರೆ ವೇಷ, ಒಂದೇ ಹೆಸರಲ್ಲಿ ಹಾಕಿದ್ರೆ ತುಂಬಾ ಎದ್ದು ಕಾಣತ್ತೆ ಅಂತ ಹಂಚಿ ಹಾಕಿರ್ತಾರೆ. ಪ್ರೋಟೀನ್ 10 ಗ್ರಾಂ, ಸಕ್ಕರೆ 18. ಡಬ್ಲ್ಯೂಎಚ್‌ಓ ಹೇಳೋ ಪ್ರಕಾರ ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತೀಲಿ ಶೇಕಡಾ 10ರ ಒಳಗಿರಬೇಕು, 5ರ ಒಳಗಿದ್ರೆ ಇನ್ನೂ ಒಳ್ಳೇದು, 2000 ಕ್ಯಾಲೊರಿ ತಿನ್ನೋರಿಗೆ ಆ 5 ಅಂದ್ರೆ 25 ಗ್ರಾಂ ಸುಮಾರು. ಎರಡು ಮೊಟ್ಟೆ ತಿಂದ್ರೆ 12 ಗ್ರಾಂ ಪ್ರೋಟೀನ್, ಸಕ್ಕರೆ ಇಲ್ಲವೇ ಇಲ್ಲ ಅನ್ನಬಹುದು, ಬಿ12 ಬೇರೆ. ಕಾಳು, ಸೊಪ್ಪು, ಹಣ್ಣು ತಿಂದ್ರೆ ಸಿಗೋ ನಾರು ಈ ಬಾರಲ್ಲೂ ಇಲ್ಲ, ಆ 43ರಲ್ಲೂ ಇಲ್ಲ. ಬಾರು ರುಚಿ ಚೆನ್ನಾಗಿದೆ, ಚಾಕ್ಲೇಟ್ ಅಂತ ತಿನ್ನಿ.

ತಯಾರಿಕೆ ಗುಣಮಟ್ಟಕ್ಕೆ ಮಾರ್ಕ್ ಹೆಂಗೆ ಕೊಡ್ಲಿ ಗೊತ್ತಾಗಲ್ಲ, ಹೊರಗಿನ ಲ್ಯಾಬ್ ಪರೀಕ್ಷೆ ಮಾಡಿದ ಗುರುತು ಯಾವುದೂ ಇಲ್ಲ. ಯುಎಸ್‌ಪಿ, ಎನ್‌ಎಸ್‌ಎಫ್ ಅಂತ ಮುದ್ರೆ ಇದ್ರೆ ಲೇಬಲ್‌ಲಿ ಬರೆದಿದ್ದು ಒಳಗೆ ಇದೆ ಅನ್ನೋ ಮಟ್ಟಿಗೆ ನಂಬಬಹುದು (ಕೆಲಸ ಮಾಡತ್ತೆ ಅಂತಲ್ಲ, ಇದೆ ಅಂತ ಅಷ್ಟೇ). ಕ್ರೀಡಾಪಟುಗಳಿಗಂತೂ ಅದು ಬೇಕೇ ಬೇಕು. ಇಲ್ಲಿರೋದು "ಪ್ರೀಮಿಯಂ ಕ್ವಾಲಿಟಿ" ಅಂತ ಕಂಪನಿನೇ ಹೊಡ್ಕೊಂಡಿರೋ ಮುದ್ರೆ. ಯಾವ ಲ್ಯಾಬ್ ರಿಪೋರ್ಟ್ ಇದೆ ಅಂತ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದೆ, ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಕೂಪನ್ ಕಳಿಸಿದ್ರು.

ಎರಡು ಸ್ಟಾರ್ ಯಾಕೆ ಕೊಟ್ಟೆ ಅಂದ್ರೆ ಅಯೋಡಿನ್, ಜಿಂಕ್, ಬಿ ಗುಂಪಿನ ಉಳಿದವು ಎಲ್ಲಾ ಹದವಾದ ಪ್ರಮಾಣದಲ್ಲಿವೆ, ಸರಿಯಾಗಿ ಊಟ ಸೇರದವರಿಗೆ, ವಯಸ್ಸಾಗಿ ತಿನ್ನೋದೇ ಕಮ್ಮಿ ಆದವರಿಗೆ ಡಾಕ್ಟರ್ ಹೇಳಿದ್ರೆ ಇಂಥದ್ದು ಉಪಯೋಗಕ್ಕೆ ಬರಬಹುದು, ಆದ್ರೆ ಬಯೋಟಿನ್ ಇಷ್ಟಿಲ್ಲದ್ದು, ಬ್ಲೆಂಡ್ ಇಲ್ಲದ್ದು ಹುಡುಕಿ. ಮುಚ್ಚಳ ಚೆನ್ನಾಗಿ ಮಾಡಿದಾರೆ, ಒತ್ತಿ ತಿರುಗಿಸಿದ್ರೆ ಮಾತ್ರ ಬಿಚ್ಚತ್ತೆ, ಕಬ್ಬಿಣ ಇರೋ ಮಾತ್ರೆ ಚಿಕ್ಕ ಮಕ್ಕಳು ಹಿಡಿಗಟ್ಲೆ ನುಂಗಿದ್ರೆ ಜೀವಕ್ಕೇ ಅಪಾಯ, ಹಂಗಾಗಿ ಬಿಚ್ಚೋಕೆ ಕಷ್ಟ ಅಂತ ಕಂಪ್ಲೇಂಟ್ ಮಾಡಿರೋರು ದಯವಿಟ್ಟು ಮಾತ್ರೆನ ಬೇರೆ ಡಬ್ಬಿಗೆ ಸುರ್ಕೊಬೇಡಿ. ಇದರದ್ದೇ ಗಮ್ಮಿ ಕೂಡ ಬಂದಿದೆಯಂತೆ, ಮಿಠಾಯಿ ಥರ ಕಾಣತ್ತೆ, ಮಕ್ಕಳಿರೋ ಮನೇಲಿ ನಾನಾದ್ರೆ ತರಲ್ಲ.