ಒಂದು ದಿನದ ಮಾರಾಟ ಮಳಿಗೆಯೋ, ವರ್ಷವಿಡೀ ನಡೆಯುವ ವಿದ್ಯಾರ್ಥಿ ಕಂಪನಿಯೋ?

ಉದ್ಯಮಶೀಲತೆಯನ್ನು ಚಟುವಟಿಕೆಯ ಮೂಲಕ ಕಲಿಸಲು ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುವ ಶಿಕ್ಷಕರು ಮೊದಲು ನೋಡಬೇಕಾದದ್ದು ತಮ್ಮ ಕೈಯಲ್ಲಿರುವ ಸಮಯವನ್ನು. ಮಳಿಗೆಗೆ ಎರಡು ಮೂರು ವಾರಗಳ ತಯಾರಿ ಸಾಕು. ಕಂಪನಿಗೆ ವಾರಕ್ಕೊಂದು ಅವಧಿಯನ್ನಾದರೂ ತಿಂಗಳುಗಟ್ಟಲೆ ಮೀಸಲಿಡಬೇಕಾಗುತ್ತದೆ.

ಬಂಡವಾಳ ಎರಡಕ್ಕೂ ಸಣ್ಣದೇ, ಅದು ಬರುವ ದಾರಿ ಮಾತ್ರ ಬೇರೆ. ಮಳಿಗೆಗೆ ಶಾಲೆಯೇ ಸಾಲ ಕೊಡಬಹುದು. ಅಮೆರಿಕದಲ್ಲಿ 1919ರಲ್ಲಿ ಆರಂಭವಾದ ಜೂನಿಯರ್ ಅಚೀವ್‌ಮೆಂಟ್ ಸಂಸ್ಥೆ ಬೆಳೆಸಿದ ಕಂಪನಿ ಮಾದರಿಯಲ್ಲಿ ವಿದ್ಯಾರ್ಥಿಗಳೇ ಷೇರು ಮಾರಿ ಹಣ ಕೂಡಿಸಿ, ಪದಾಧಿಕಾರಿಗಳನ್ನು ಆರಿಸಿ, ಕೊನೆಗೆ ಲೆಕ್ಕ ಒಪ್ಪಿಸಿ ಕಂಪನಿಯನ್ನು ವಿಸರ್ಜಿಸುತ್ತಾರೆ.

ನನ್ನ ದೃಷ್ಟಿಯಲ್ಲಿ ನಿಜವಾದ ಅಂತರವಿರುವುದು ತಪ್ಪು ತಿದ್ದಿಕೊಳ್ಳುವ ಅವಕಾಶದಲ್ಲಿ. ಶುಭಾಶಯ ಪತ್ರ ತಯಾರಿಸುವ ಮಕ್ಕಳು ಕಾಗದ, ಬಣ್ಣ, ಅಂಟಿನ ಬೆಲೆಯನ್ನು ಕೂಡಿಸಿ, ತಾವು ದುಡಿದ ಗಂಟೆಗಳನ್ನೂ ಹಾಳಾದ ಹಾಳೆಗಳನ್ನೂ ಬಿಟ್ಟು ದರ ನಿಗದಿಪಡಿಸುವುದುಂಟು. ಮಳಿಗೆಯಲ್ಲಿ ಇದು ಗೊತ್ತಾಗುವ ಹೊತ್ತಿಗೆ ಮಾರಾಟವೇ ಮುಗಿದಿರುತ್ತದೆ. ಕಂಪನಿಯಲ್ಲಾದರೆ ಮುಂದಿನ ತಿಂಗಳು ದರ ಪರಿಷ್ಕರಿಸಿ, ಗ್ರಾಹಕರ ಪ್ರತಿಕ್ರಿಯೆಯನ್ನು ಮತ್ತೆ ಪರೀಕ್ಷಿಸಬಹುದು. ಮಾತಿಗೆ ಹಿಂಜರಿಯುವ ಮಕ್ಕಳಿಗೂ ಅಲ್ಲಿ ಲೆಕ್ಕಪತ್ರ, ಗುಣಮಟ್ಟ ಪರಿಶೀಲನೆಯಂತಹ ಗೌರವದ ಹೊಣೆ ಸಿಗುತ್ತದೆ.

ಆದರೂ ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ, ಅಥವಾ ಒಬ್ಬರೇ ಶಿಕ್ಷಕರು ಎಲ್ಲವನ್ನೂ ನಿಭಾಯಿಸಬೇಕಾದ ಶಾಲೆಗೆ, ಮಳಿಗೆಯೇ ಸೂಕ್ತ. ಮಾರಾಟದ ಮರುದಿನ ಲಾಭನಷ್ಟದ ಚರ್ಚೆಗೆ ಒಂದು ಪೂರ್ಣ ಅವಧಿಯನ್ನು ದಯವಿಟ್ಟು ಇಟ್ಟುಕೊಳ್ಳಿ. ಹದಿನಾಲ್ಕು ದಾಟಿದ ವಿದ್ಯಾರ್ಥಿಗಳಿದ್ದು, ವರ್ಷವಿಡೀ ಜೊತೆಗಿರುವ ಮಾರ್ಗದರ್ಶಕರೊಬ್ಬರು ದೊರೆಯುವುದಾದರೆ ಕಂಪನಿಯನ್ನು ಆರಿಸಿಕೊಳ್ಳಬಹುದು.