ಮಂಗಲದಾಸ್ ಮಾರ್ಕೆಟ್‌ನಲ್ಲಿ ಪರದೆ ಬಟ್ಟೆ: ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋಗಿ

ಪರದೆ ಹೊಲಿಸಬೇಕೆಂದಿರುವ ಮುಂಬಯಿ ಕನ್ನಡಿಗರು ಕ್ರಾಫರ್ಡ್ ಮಾರ್ಕೆಟ್ ಬಳಿಯ ಮಂಗಲದಾಸ್ ಮಾರ್ಕೆಟ್‌ಗೆ ಒಂದು ಸುತ್ತು ಹಾಕಲೇಬೇಕು. ಡೊಂಬಿವಲಿ ಕಡೆಯವರು ಸಿಎಸ್‌ಎಂಟಿಯಲ್ಲಿ, ಮೀರಾ ರೋಡ್ ಕಡೆಯವರು ಮರೀನ್ ಲೈನ್ಸ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಬೇಡ, ಬಾಗಿಲು ಹಾಕಿರುತ್ತದೆ. ಥಾನಿನಿಂದ (ಬಟ್ಟೆಯ ಇಡೀ ಸುರುಳಿಯಿಂದ) ಬೇಕಾದಷ್ಟು ಕತ್ತರಿಸಿ ಕೊಡುವುದರಿಂದ ರೆಡಿಮೇಡ್ ಪರದೆಯ 5, 7, 9 ಅಡಿಗೆ ನಮ್ಮ ಕಿಟಕಿ ಹೊಂದುತ್ತದೋ ಇಲ್ಲವೋ ಎಂಬ ಚಿಂತೆಯಿಲ್ಲ. ಆದರೆ ಒಮ್ಮೆ ಕತ್ತರಿ ಬಿದ್ದ ಬಟ್ಟೆ ವಾಪಸಾಗುವುದಿಲ್ಲ. ಕಿಟಕಿಯ ಅಂದಾಜು ಹೇಳಿ 'ನೀವೇ ನೋಡಿ ಕೊಡಿ' ಅಂದರೆ ಒಂದೋ ಬಟ್ಟೆ ಉಳಿಯುತ್ತದೆ, ಇಲ್ಲವೇ ಸಾಲದೆ ಹೋಗುತ್ತದೆ.

ಟೇಪು ಹಿಡಿಯಬೇಕಾದದ್ದು ರಾಡಿಗೆ. 6 ಅಡಿ ಕಿಟಕಿಗೆ ಎರಡೂ ಬದಿ 6 ಇಂಚು ಬಿಟ್ಟರೆ ರಾಡು 84 ಇಂಚು. ರಿಂಗ್ ಪರದೆಗೆ (ರಾಡು ತೂರಿಸಲು ಮೇಲಂಚಿನಲ್ಲಿ ರಿಂಗು ಕೂರಿಸಿದ್ದು) ಹೊಲಿದ ಅಗಲ ರಾಡಿನ ಎರಡರಷ್ಟಿರಬೇಕು, ಅಂದರೆ 168 ಇಂಚು. ಇನ್ನು ಬಟ್ಟೆಯ ಪನ್ನ, ಅಂದರೆ ಥಾನಿನ ಅಗಲ, ಕೇಳಿ: 48 ಇಂಚೋ, 54 ಇಂಚೋ? 48ರ ಪನ್ನದಲ್ಲಿ ಎರಡೂ ಬದಿಯ ಅಂಚು ಮಡಿಸಿದ ಮೇಲೆ ಕೈಗೆ ಸಿಗುವುದು ಸುಮಾರು 45. ನಾಲ್ಕು ಪರದೆ ಹೊಲಿಸಿದರೆ 180, ನೆರಿಗೆ ತುಂಬಿಕೊಂಡು ನಿಲ್ಲುತ್ತದೆ. ದುಡ್ಡು ಉಳಿಯಲೆಂದು ಮೂರಕ್ಕೇ ನಿಲ್ಲಿಸಿದರೆ 135 ಮಾತ್ರ. ಎಳೆದು ಮುಚ್ಚಿದಾಗ ಹಗ್ಗಕ್ಕೆ ಹಾಕಿದ ಬೆಡ್‌ಶೀಟಿನಂತೆ ಚಪ್ಪಟೆಯಾಗಿ ಕಾಣುತ್ತದೆ.

ಉದ್ದಕ್ಕೆ ಬರೋಣ. ಹೊಲಿದ ಪರದೆ 84 ಇಂಚು ಬರಬೇಕಾದರೆ ಕೆಳಗಿನ ಮಡಿಕೆಗೆ 5, ಮೇಲಕ್ಕೆ 5, ಓರೆಯಾಗಿ ಕತ್ತರಿಸಿದ್ದನ್ನು ನೇರ ಮಾಡಲು 2 ಸೇರಿಸಿ: 96. ನಾಲ್ಕಕ್ಕೆ 384 ಇಂಚು, 10 ಮೀಟರ್ ಸಾಕು. ಇದು ಸಾದಾ ಬಟ್ಟೆಯ ಮಾತು. ದೊಡ್ಡ ಹೂವಿನ ಪ್ರಿಂಟ್ ಇಷ್ಟವಾಯಿತೇ? ಥಾನನ್ನು ಮೇಜಿನ ಮೇಲೆ ಬಿಡಿಸಿ, ಒಂದು ಹೂವಿನ ತುದಿಯಿಂದ ಅದೇ ಹೂವು ಮತ್ತೆ ಬರುವವರೆಗೆ ಅಳೆಯಿರಿ. ಅದು 25 ಇಂಚಾದರೆ ಪ್ರತಿ ತುಂಡೂ 25ರ ಗುಣಕದಲ್ಲೇ ಇರಬೇಕು. 96 ಈಗ 100 ಆಗುತ್ತದೆ. ನಾಲ್ಕಕ್ಕೆ 400 ಇಂಚು, 10 ಮೀಟರಿನಲ್ಲಿರುವುದು 393 ಚಿಲ್ಲರೆ. ಆರು ಇಂಚಿನ ಕೊರತೆಗೆ ನಾಲ್ಕನೆಯ ಪರದೆಯ ಹೂವು ಪಕ್ಕದ್ದಕ್ಕೆ ಕೂಡುವುದೇ ಇಲ್ಲ. ಹತ್ತೂವರೆ ಮೀಟರ್ ತೆಗೆದುಕೊಳ್ಳಿ. ಎಲ್ಲ ಕೋಣೆಗಳ ಬಟ್ಟೆ ಒಂದೇ ದಿನ, ಒಂದೇ ಥಾನಿನಿಂದ ಕತ್ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು, ಮುಂದಿನ ಥಾನಿನ ಬಣ್ಣ ಒಂದು ಛಾಯೆ ಆಚೀಚೆ ಇರುವುದುಂಟು.

ಹತ್ತಿ ಬಟ್ಟೆಯಾದರೆ ಹೊಲಿಸುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು, ನೂರಕ್ಕೆ ಮೂರರಷ್ಟು ಕುಗ್ಗಿದರೂ 84ರ ಪರದೆ ನೆಲದಿಂದ ಎರಡೂವರೆ ಇಂಚು ಮೇಲೇರುತ್ತದೆ.

ಇಲ್ಲಿಯ ದೊಡ್ಡ ತೊಂದರೆ ಬೆಳಕು. ಇಕ್ಕಟ್ಟಾದ ಓಣಿಗಳಿಗೆ ಮೇಲೆ ಸೂರು, ಒಳಗೆ ಟ್ಯೂಬ್‌ಲೈಟು. ಕಂದು ಯಾವುದು, ಕಡುನೇರಳೆ ಯಾವುದು ಎಂದು ಗೊತ್ತಾಗುವುದಿಲ್ಲ. ಒಂದು ಚೂರು ಬಟ್ಟೆ ಕೇಳಿ ಪಡೆದು, ಹೊರಗೆ ಬಂದು ಹಗಲಿನಲ್ಲಿ ನೋಡಿಯೇ ಹಣ ಕೊಡಿ.

ಬೆಡ್‌ಶೀಟ್ ತರುವುದಿದ್ದರೆ ಹಾಸಿಗೆಯ ದಪ್ಪವನ್ನೂ ಬರೆದುಕೊಂಡಿರಿ. 60 ಇಂಚು ಅಗಲ, 8 ಇಂಚು ದಪ್ಪದ ಹಾಸಿಗೆಗೆ 90×108 ಇಂಚಿನ ಬೆಡ್‌ಶೀಟ್ ಸರಿಹೋಗುತ್ತದೆ. 72 ಇಂಚಿನದಕ್ಕೆ 108×108 ಬೇಕು.

ದರ್ಜಿಗೆ ಕೊಡುವಾಗ ಎರಡು ಮಾತು ಬರೆದೇ ಕೊಡಿ. ಒಂದೊಂದು ಪರದೆಗೆ ರಿಂಗು 8, ಬೆಸಸಂಖ್ಯೆ ಬೇಡವೇ ಬೇಡ: 7 ಹಾಕಿದರೆ ಒಂದು ಅಂಚು ಗೋಡೆಗೆ, ಇನ್ನೊಂದು ಕೋಣೆಗೆ ಮುಖ ಮಾಡುತ್ತದೆ. ಸಮುದ್ರದ ಗಾಳಿ ಬೀಸುವ ಮನೆಗೆ ಕಬ್ಬಿಣದ ರಿಂಗೂ ಬೇಡ, ಎರಡು ಮಳೆಗಾಲದೊಳಗೆ ತುಕ್ಕಿನ ಕಲೆ ಬಟ್ಟೆಗಿಳಿಯುತ್ತದೆ. ಪ್ಲಾಸ್ಟಿಕ್‌ನದು ಹಾಕಿಸಿ.